ಉಚ್ಚಂಗಮ್ಮನ ಮೂರನೆಯ ದಾರ

ಉಚ್ಚಂಗಮ್ಮನಿಗೆ ಓದುಬರಹ ಬರುತ್ತಿರಲಿಲ್ಲ ಎಂದು ಯಾರಾದರೂ ನನ್ನೆದುರು ಮೂಗು ಮುರಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಎಪ್ಪತ್ನಾಲ್ಕನೇ ಇಸವಿಯ ಮಾತು. ಹೊಸದುರ್ಗ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಅವಳು ಆಯಾ, ನಾನು ಏಕಾಂತಪ್ಪ, ಕಾಂಪೌಂಡರ್. ಓದಿದ ನಾವೆಲ್ಲ ಸೇರಿ ಕಾಣದೇ ಹೋದದ್ದನ್ನು ಅವಳೊಬ್ಬಳು ಕಂಡಳು.

ಆ ವರ್ಷ ಸೂಜಿ ಹಾಕಿಸಿಕೊಂಡವರಿಗೆ ಬಾವು ಬಂದು ಕೀವು ತುಂಬುತ್ತಿತ್ತು. ಸೂಜಿ ಹಾಕುತ್ತಿದ್ದವಳು ನರ್ಸ್ ಪುಟ್ಟಕ್ಕ. ಡಾಕ್ಟರು ಹಿಂದುಮುಂದು ನೋಡದೆ, ಪುಟ್ಟಕ್ಕನ ಕೈ ಶುದ್ಧವಿಲ್ಲ, ಕೆಲಸದಿಂದ ತೆಗೆಯಿರಿ ಎಂದು ದುರ್ಗದ ಜಿಲ್ಲಾ ಕಚೇರಿಗೆ ಬರೆದುಬಿಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ನಾನೂ ತಲೆಯಾಡಿಸಿದೆ. ಪುಟ್ಟಕ್ಕ ಔಷಧಿ ಕೋಣೆಯಲ್ಲಿ ಗೋಡೆ ಕಡೆ ತಿರುಗಿಕೊಂಡು ಅತ್ತಳು.

ಮಾರನೇ ದಿನ ಉಚ್ಚಂಗಮ್ಮ ಕರಿ ಉಣ್ಣೆಯ ಎರಡು ದಾರ ತಂದು ಸ್ಟೋವಿನ ಪಕ್ಕದ ಮೊಳೆಗೆ ನೇತುಹಾಕಿದಳು. ಮತ್ತೋಡಿನ ಕಡೆಯ ಕುರುಬರ ಹಟ್ಟಿಯವಳು ಅವಳು. ಅವರ ಮನೆಯಲ್ಲಿ ಕುರಿ ಈದಾಗಲೆಲ್ಲ ದಾರಕ್ಕೊಂದು ಗಂಟು ಹಾಕುತ್ತಿದ್ದರಂತೆ, ಮರಿ ಸತ್ತರೆ ಅದೇ ಗಂಟಿಗೆ ಕೆಂಪು ನೂಲು ಸುತ್ತುತ್ತಿದ್ದರಂತೆ. ಇಲ್ಲಿ ಒಂದು ದಾರ ಸಂತೆ ದಿನದ್ದು, ಇನ್ನೊಂದು ಉಳಿದ ದಿನಗಳದ್ದು. ಸೂಜಿ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಒಂದು ಗಂಟು. ಕೀವು ತುಂಬಿಸಿಕೊಂಡು ವಾಪಸ್ಸು ಬಂದವರನ್ನು, ಯಾವತ್ತು ಹಾಕಿಸಿಕೊಂಡಿರಿ ಎಂದು ಕೇಳಿ, ಆ ದಾರದಲ್ಲಿ ಕೆಂಪು ನೂಲು.

ನೆಟ್ಟಗಿರುವವರಿಗೆಲ್ಲ ಯಾಕೆ ಗಂಟು, ಕೀವಾದವರನ್ನು ಎಣಿಸಿದರೆ ಸಾಲದೇ ಎಂದು ನಾನು ನಕ್ಕೆ.

"ಸತ್ತ ಮರಿ ಅಷ್ಟೇ ಎಣಿಸ್ಕಂತ ಕುಂತ್ರೆ ಹಿಂಡು ಹೆಂಗೈತೆ ಅಂತ ಯಾವಾಗ ಗೊತ್ತಾಗತೈತ್ರಿ?" ಅಂದಳು.

ಮೂರು ತಿಂಗಳಾದ ಮೇಲೆ ನಾನೇ ಎಣಿಸಿದೆ. ಉಳಿದ ದಿನಗಳ ದಾರದಲ್ಲಿ ಇನ್ನೂರು ಗಂಟು, ಕೆಂಪು ಎರಡೇ. ಸಂತೆ ದಿನದ ದಾರದಲ್ಲಿ ನೂರಾ ಎಂಬತ್ತು, ಕೆಂಪು ಹದಿನೇಳು. ಎರಡರಲ್ಲೂ ಪುಟ್ಟಕ್ಕನದೇ ಕೈ, ನನ್ನದೇ ಔಷಧಿ. ಹಾಗಾದರೆ ಸಂತೆ ದಿನ ಬದಲಾಗುವುದು ಏನು?

ಉಚ್ಚಂಗಮ್ಮ ಎರಡು ದಿನ ತನ್ನ ಕೆಲಸವನ್ನೇ ಒಂದೊಂದಾಗಿ ಗಮನಿಸಿದಳು. ಮೂರನೇ ದಿನ ನನ್ನನ್ನು ಸ್ಟೋವಿನ ಮುಂದೆ ಕರೆದು ಕೂರಿಸಿ ಕಂಡುಕೊಂಡದ್ದನ್ನು ಹೇಳಿದಳು. ಸಿರಿಂಜು, ಸೂಜಿ ಕುದಿಸುವ ಕೆಲಸ ಅವಳದು. ಬೇರೆ ದಿನ ನೀರು ಕುದಿ ಬಂದಾಗ ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದಳು. ಅದು ಉರಿದು ಮುಗಿಯುವ ಹೊತ್ತಿಗೆ ಡಾಕ್ಟರು ಕಾಫಿ ಮುಗಿಸಿ ಬರುತ್ತಿದ್ದರು, ಅಲ್ಲಿಯವರೆಗೆ ಪಾತ್ರೆ ಒಲೆಯ ಮೇಲೇ ಇರುತ್ತಿತ್ತು. ಆ ವರ್ಷ ಸಂತೆ ದಿನ ಜನ ಹೆಚ್ಚಾಗಿ, ಬಾಗಿಲು ಬಡಿಯುತ್ತಿದ್ದರು. ಒಂದು ಕುದಿ ಬಂದದ್ದೇ ಇಳಿಸಿಬಿಡುತ್ತಿದ್ದಳು. ಹಟ್ಟಿಯಲ್ಲಿ ಹಾಲು ಕಾಯಿಸುವುದು ಹಾಗೆಯೇ, ಉಕ್ಕಿತೋ ಇಳಿಸಬೇಕು. ಸೂಜಿಯ ನೀರು ಹಾಲಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮುಂದಿನ ಸಂತೆಗೆ ಅವಳು, ಪೂರ್ತಿ ಕುದಿಸಿದ ಸಂತೆಗಳ ಲೆಕ್ಕಕ್ಕೆಂದು, ಮೂರನೆಯ ದಾರ ತಂದಳು. ಕುದಿ ಬಂದ ಕೂಡಲೇ ಊದುಬತ್ತಿ ಹಚ್ಚಿ ಬಾಗಿಲಿಗೆ ಅಡ್ಡ ನಿಂತಳು. ಹೊರಗೆ ಬೈಗುಳದ ಮಳೆ. ಊರಿನ ದೊಡ್ಡ ಮನುಷ್ಯ ತಿಮ್ಮರಾಯಪ್ಪನಂತೂ, ಕುರಿ ಕಾಯೋಳು ನಮ್ಮನ್ನು ಕಾಯಿಸ್ತಾಳಾ ಎಂದು ಕೂಗಾಡಿದ.

"ಊದುಬತ್ತಿ ಬೂದಿ ಆಗಾವರೆಗೂ ಸೂಜಿ ಈಚಿಗೆ ಬರಂಗಿಲ್ಲ. ಬೇಕಂದ್ರೆ ಕುಂತ್ಕಳ್ರಿ. ಇಲ್ಲಾಂದ್ರೆ ಕೀವು ತುಂಬಿಸ್ಕಳಾಕೆ ಬ್ಯಾರೆ ಕಡೆ ಹೋಗ್ರಿ," ಅಂದಳು ಅವಳು.

ತಿಮ್ಮರಾಯಪ್ಪ ಗೊಣಗುತ್ತಲೇ ಕುಂತ. ನಾಲ್ಕು ಸಂತೆ ಹೀಗೇ ನಡೆಯಿತು. ಆಮೇಲೆ ಕೀವಾಗಿ ಯಾರಾದರೂ ವಾಪಸ್ಸು ಬರುತ್ತಾರೇನೋ ಎಂದು ಎರಡು ವಾರ ಕಾದಳು. ಮೂರನೆಯ ದಾರದಲ್ಲಿ ಅರವತ್ತು ಗಂಟಿತ್ತು, ಕೆಂಪು ಒಂದೂ ಇರಲಿಲ್ಲ.

ಅಷ್ಟರಲ್ಲಿ ದುರ್ಗದಿಂದ ಅಧಿಕಾರಿ ವಿಚಾರಣೆಗೆ ಬಂದರು. ಸರ್ಕಾರದ ಆಮೆ ನಡಿಗೆಗೆ ನಾನು ಕೈ ಮುಗಿದದ್ದು ಅದೊಂದೇ ಸಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ನಾನು ಉಚ್ಚಂಗಮ್ಮನಿಗೆ ಗುಟ್ಟಾಗಿ ಬುದ್ಧಿ ಹೇಳಿದೆ. ಎರಡು ದಾರ ತೋರಿಸು, ಪುಟ್ಟಕ್ಕ ಉಳಿಯುತ್ತಾಳೆ. ಮೂರನೆಯದು ತೋರಿಸಿದರೆ ನಿನ್ನ ತಲೆ ಮೇಲೆ ನೀನೇ ಚಪ್ಪಡಿ ಎಳೆದುಕೊಂಡ ಹಾಗೆ, ಕೆಲಸ ಹೋಗುತ್ತದೆ ಎಂದೆ.

ಅವಳು ಒಳಗೆ ಹೋಗಿ ಮೂರೂ ದಾರಗಳನ್ನು ಮೇಜಿನ ಮೇಲೆ ಚಾಚಿ ಇಟ್ಟಳು. ಇದೆಂಥ ತಮಾಷೆ, ತೆಗಿ ಎಂದು ಡಾಕ್ಟರು ಗದರಿದರು. ಅವಳು ತೆಗೆಯಲಿಲ್ಲ. ಅಧಿಕಾರಿ ಕನ್ನಡಕ ಏರಿಸಿಕೊಂಡು ಒಂದೊಂದೇ ಗಂಟು ಮುಟ್ಟಿ ಎಣಿಸಿದರು, ಪೂರ್ತಿ ವಿವರ ಕೇಳಿದರು. ಪುಟ್ಟಕ್ಕನ ಮೇಲಿನ ಕಾಗದವನ್ನು ಪಕ್ಕಕ್ಕೆ ಸರಿಸಿ, ಹಾಗಾದರೆ ತಪ್ಪು ಯಾರದು ಎಂದರು.

"ಕುದಿಯೋ ನೀರು ಇಳಿಸಿದ ಕೈ ನಂದು ಸ್ವಾಮಿ. ಬರ್ಕಳ್ರಿ," ಅಂದಳು ಉಚ್ಚಂಗಮ್ಮ. ಸೆರಗು ಸರಿಮಾಡಿಕೊಂಡು ಮತ್ತೆ ಅಂದಳು: "ಇಷ್ಟೊತ್ತು ಕುದೀಬೇಕು ಅಂತ ಹೇಳದಿದ್ದ ಬಾಯಿ ಯಾರ್ದು ಅಂತಾನೂ ಕೇಳಿ ಬರ್ಕಳ್ರಿ. ನನ್ನೊಬ್ಬಳನ್ನ ಕಳಿಸಿದ್ರೆ ನಾಳೆ ಬರಾಳೂ ಹಾಲು ಕಾಸಿದಂಗೇ ಕಾಸ್ತಾಳೆ."

ಅವಳು ನನ್ನ ಕಡೆ ತಿರುಗಲೂ ಇಲ್ಲ. ಆಯಾಗೆ ಕೆಲಸ ಕಲಿಸಬೇಕಾದವನು ಕಾಂಪೌಂಡರ್. ಇಪ್ಪತ್ತು ನಿಮಿಷ ಕುದಿಸಬೇಕು ಎಂದು ಪುಸ್ತಕದಲ್ಲಿ ಓದಿ ಪಾಸಾದವನು ನಾನು. ಆರು ವರ್ಷದಲ್ಲಿ ಒಂದು ಸಲವೂ ಅವಳಿಗೆ ಹೇಳಿರಲಿಲ್ಲ. ಎದ್ದು ನಿಂತು, ಆ ಬಾಯಿ ನನ್ನದು ಸಾರ್ ಅಂದೆ.

ಯಾರ ಕೆಲಸವೂ ಹೋಗಲಿಲ್ಲ. ನನಗೊಂದು ಮೆಮೊ ಬಂತು, ಬರಲೇಬೇಕಿತ್ತು. ಮುಂದಿನ ಸಂತೆ ದಿನ ಉಚ್ಚಂಗಮ್ಮ ಊದುಬತ್ತಿಯನ್ನು ನನ್ನ ಕೈಗೆ ಕೊಟ್ಟು ಹಚ್ಚಿಸಿದಳು. ಅದು ಬೂದಿಯಾಗುವವರೆಗೆ ನನ್ನನ್ನು ಸ್ಟೋವಿನ ಮುಂದಿನಿಂದ ಏಳಗೊಡಲಿಲ್ಲ.