ಔರಾದ ಬಸ್ಸು ನಿಲ್ಲಿಸಿದ ಕಾಕು

ಹೋದ ವಾರ ಬೀದರಿನ ನಮ್ಮ ಮನೆಯ ಹಿಂದಿರುವ ಕಲ್ಯಾಣ ಮಂಟಪದ ಕಡೆಯಿಂದ ಹುಳಿ ವಾಸನೆ ಬಂತು. ಮದುವೆ ಮುಗಿದ ಮರುದಿನ. ಕಿಟಕಿ ಮುಚ್ಚಲು ಹೋದವಳು ನೋಡಿದರೆ, ಗೋಡೆಯ ಬದಿಗೆ ಅನ್ನ, ಸಾರು, ಯಾರೂ ಮುರಿಯದ ಚಪಾತಿ ಎಲ್ಲ ಗುಡ್ಡೆ ಬಿದ್ದಿತ್ತು. ಹೀಗೆ ಕೊಳೆಯುವ ಅನ್ನದಿಂದ ಏಳುವ ಗಾಳಿ ಭೂಮಿಯನ್ನೇ ಕಾಯಿಸುತ್ತದೆ ಎಂದು ಮಗಳು ಕಾಲೇಜಿನಲ್ಲಿ ಓದಿದ್ದನ್ನು ಹೇಳಿದಳು. ಇದ್ದೀತು. ನನಗೆ ಮಾತ್ರ ಆ ವಾಸನೆಗೆ ಹಳೆಯ ಹೆದರಿಕೆಯೊಂದು ಎದ್ದಿತು, ಅದರ ಬೆನ್ನಿಗೇ, ಚಿಕ್ಕಮ್ಮ ಅನ್ನುವ ಹಾಗೆ ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಪಕ್ಕದ ಹೊಲದವರು ನೆನಪಾದರು...

ನಾನು ಸಂತಪುರದ ಮನೆಗೆ ಸೊಸೆಯಾಗಿ ಹೋದ ವರ್ಷದ ಎಳ್ಳ ಅಮಾವಾಸ್ಯೆ ಅದು. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಬೆಳೆಯ ನಡುವೆ ಪೂಜೆ ಮಾಡಿ, ಭೂಮಿತಾಯಿಗೆಂದು ನೈವೇದ್ಯದ ಚರಗವನ್ನು ಹೊಲದ ತುಂಬ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಣ್ಣುವುದು. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ಕಡಲೆ, ತೊಗರಿ, ಅವರೆ, ಮೆಂತ್ಯೆ, ಪಾಲಕ, ಬದನೆ, ಆ ಹೊತ್ತಿಗೆ ಹೊಲದಲ್ಲಿ ಏನೇನಿದೆಯೋ ಅದೆಲ್ಲ ಹಾಕಿ, ಹುಣಸೆಹುಳಿ, ಕಡಲೆಹಿಟ್ಟು ಬೆರೆಸಿ ಕುದಿಸಿದ ಪಲ್ಯ. ಆ ಸಲದ ಭಜ್ಜಿ ನಾನೇ ಮಾಡುತ್ತೇನೆಂದು ಹಟ ಹಿಡಿದಿದ್ದೆ. ಹೊಸ ಸೊಸೆಯ ಹುರುಪು, ಯಾರ ಮಾತು ಕೇಳುತ್ತದೆ!

ಎಳ್ಳ ಅಮಾವಾಸ್ಯೆಗೆ ಕರೆದರೆ ನಮ್ಮ ಸೀಮೆಯಲ್ಲಿ ಒಲ್ಲೆ ಅನ್ನುವವರಿಲ್ಲ. ಕರೆದ ಎಲ್ಲರಿಗೂ "ಬರ್ತೇವ್ರಿ" ಎನ್ನುತ್ತಾರೆ. ತವರಿನಲ್ಲಿದ್ದಾಗ ನಾವೂ ಭಾಲ್ಕಿಯವರಿಗೆ ಹೂಂ, ಜನವಾಡದವರಿಗೆ ಹೂಂ ಎಂದು ಕೊನೆಗೆ ಹತ್ತಿರ ಯಾವುದೋ ಆ ಹೊಲಕ್ಕೆ ಹೋದವರೇ. ಆದರೂ ನನ್ನ ಗಂಡ ಬೀದರಿನ ತಮ್ಮ ಇಡೀ ಆಫೀಸನ್ನು ಕರೆದು ಬಂದಾಗ ಅವರೆಲ್ಲ ಬಂದೇ ಬರುತ್ತಾರೆಂದು ನಂಬಿದೆ. ದೊಡ್ಡ ಹಂಡೆಯನ್ನೇ ಏರಿಸಿದೆ.

ಹೊತ್ತು ಇಳಿಯತೊಡಗಿತು. ಬಂದವರು ಇಬ್ಬರೇ, ಅವರೂ ಇನ್ನೊಂದು ಹೊಲದಲ್ಲಿ ಗಡದ್ದಾಗಿ ಉಂಡು ಬಂದವರು. ಭಜ್ಜಿ ಮರುದಿನಕ್ಕೂ ರುಚಿಯೇ, ಆದರೆ ಹಂಡೆಗಟ್ಟಲೆ ಉಣ್ಣುವವರು ಯಾರು? ಊರವರಿಗೆ ಕೊಡೋಣವೆಂದರೆ ಎಲ್ಲರ ಮನೆಯಲ್ಲೂ ಅದೇ ಭಜ್ಜಿ. ವರ್ಷದಲ್ಲಿ ಆ ಒಂದು ದಿನ ಊರಿನಲ್ಲಿ ಹಸಿದವರೇ ಸಿಗುವುದಿಲ್ಲ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಂಡೆಯ ಮುಚ್ಚಳ ತೆಗೆಯುವುದು, ನೋಡುವುದು, ಮುಚ್ಚುವುದು... ಹಿಟ್ಟು ನಾದುವ ಪರಾತಕ್ಕೆ ಅಂಟಿದ್ದನ್ನೂ ಬೆರಳಿನಿಂದ ಬಳಿದು ಕೊನೆಯ ರೊಟ್ಟಿಗೆ ಸೇರಿಸುವ ಹೆಂಗಸು ಅವರು. ಹಸಿವಿನ ದಿನಗಳನ್ನು ಕಂಡವರು. ಗಂಡ ಒಂದು ತಗ್ಗು ತೋಡಿ ಸುರಿಯೋಣ, ಗೊಬ್ಬರವಾದರೂ ಆದೀತು ಎಂದರು. ನನಗೆ ಅಳು ತಡೆಯಲಾಗಲಿಲ್ಲ. ನನ್ನ ಮೊದಲ ಅಡುಗೆ ತಗ್ಗಿಗೆ ಬಿದ್ದರೆ, ಆ ಮನೆಯಲ್ಲಿ ಜೀವನಪೂರ್ತಿ ನಾನು ಹಂಡೆ ಚೆಲ್ಲಿದ ಸೊಸೆಯಾಗಿಯೇ ಉಳಿಯುತ್ತಿದ್ದೆ.

ಪಕ್ಕದ ಹೊಲದ ಕಾಕು ಕುರಿ ಸಾಕುವ ಮನೆಯವರು. ದಸರೆಯ ಹೊತ್ತಿಗೆ ಅವರ ಕುರಿಗಳು ನಮ್ಮ ಜೋಳಕ್ಕೆ ನುಗ್ಗಿದಾಗಿನಿಂದ ಅತ್ತೆಗೂ ಅವರಿಗೂ ಮಾತಿರಲಿಲ್ಲ. ಬದುವಿನ ಆಚೆಯಿಂದ ಎಲ್ಲ ನೋಡುತ್ತಿದ್ದರೋ ಏನೋ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ನಡೆದು ಬಂದರು. ಅತ್ತೆಯ ಕಡೆ ಮುಖ ಕೂಡ ತಿರುಗಿಸಲಿಲ್ಲ. ಅಂಗೈಗೆ ಚೂರು ಭಜ್ಜಿ ಹಾಕಿಸಿಕೊಂಡು ಬಾಯಿಗಿಟ್ಟು, "ಛಲೋ ಆಗ್ಯಾದ. ಅಳೋದು ಯಾಕ?" ಎಂದರು. ನನ್ನ ಕೈಯ ಸೌಟು ಕಸಿದುಕೊಂಡು ರಸ್ತೆಗೆ ನಡೆದರು.

ನಮ್ಮ ಹೊಲದ ಅಂಚಿಗೇ ಬೀದರ್‌ನಿಂದ ಔರಾದಕ್ಕೆ ಹೋಗುವ ರಸ್ತೆ. ಬಸ್ಸು ಬಂತು. ಕಾಕು ಸೌಟು ಎತ್ತಿ ರಸ್ತೆಯ ನಟ್ಟನಡುವೆ ನಿಂತುಬಿಟ್ಟರು. ಡ್ರೈವರ್ ಬ್ರೇಕು ಒತ್ತಿ ಬೈಯತೊಡಗಿದ, ಕಂಡಕ್ಟರ್ ತಲೆ ಹೊರಹಾಕಿ ತಡವಾಗುತ್ತದೆಂದು ಕೂಗಾಡಿದ. ಕಾಕು ಜಗ್ಗಲಿಲ್ಲ.

"ಔರಾದ ಎಲ್ಲಿಗೂ ಓಡಿ ಹೋಗಂಗಿಲ್ರಿ. ಹಬ್ಬದ ದಿನ ಹಸಿದ ಮಂದಿನ್ನ ತುಂಬ್ಕೊಂಡು ಹ್ಯಾಂಗ ಹೋಗ್ತೀರಿ? ಇಳೀರಿ."

ಕಂಡಕ್ಟರ್ ಡ್ರೈವರನ ಮುಖ ನೋಡಿದ. ಡ್ರೈವರ್ ಇಂಜಿನ್ ಬಂದ್ ಮಾಡಿದ. ಇಳಿದವರೆಲ್ಲ ಆ ದಿನ ಹೋಗಲು ಹೊಲವಿಲ್ಲದವರು. ಗಾರೆ ಕೆಲಸ ಹುಡುಕಿ ಹೊರಟ ಗೌಂಡಿಗಳು, ಗಂಟು ಹೊತ್ತು ಬಟ್ಟೆ ಮಾರುವ ಮುದುಕ, ಬೀದರಿನ ದವಾಖಾನೆಯಿಂದ ಮರಳುತ್ತಿದ್ದ ಒಬ್ಬ ಬಸುರಿ. ಮೈಯಲ್ಲಿ ರಕ್ತ ಕಮ್ಮಿ ಇದೆ, ಕಾಳು ಸೊಪ್ಪು ತಿನ್ನು ಎಂದು ಡಾಕ್ಟರರು ಹೇಳಿ ಕಳಿಸಿದ್ದರಂತೆ. ಕಾಕು ಆಕೆಯನ್ನು ನೆರಳಿಗೆ ಕೂರಿಸಿ, ಸಾಕು ಸಾಕು ಅಂದರೂ ಬಿಡದೆ ಬಡಿಸಿದರು. ಹೊರಡುವಾಗ ರೊಟ್ಟಿಯಲ್ಲಿ ಭಜ್ಜಿ ಸುತ್ತಿ ಉಡಿಗೆ ಹಾಕಿದರು. ಸುದ್ದಿ ಹೇಗೆ ಹೋಯಿತೋ, ಆಮೇಲೆ ಔರಾದದಿಂದ ಮರಳಿದ ಬಸ್ಸು ತಾನಾಗಿಯೇ ನಿಂತಿತು. ಅದರ ಹಿಂದೆ ಒಂದು ಟಂಟಂ ಆಟೋ...

ಹೊತ್ತು ಮುಳುಗುವ ಮೊದಲೇ ಹಂಡೆಯ ತಳ ಕಂಡಿತು. ನನಗೆ ಹೋದ ಜೀವ ಬಂದಂತಾಯಿತು. ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು. ಅತ್ತೆ ತಾವೇ ತಳ ಬಳಿದು, ರೊಟ್ಟಿಗೆ ಹಾಕಿ, ಕಾಕುವಿನ ಮುಂದೆ ಹಿಡಿದು, "ನೀವ ಉಂಡಿಲ್ಲಲ್ರಿ" ಎಂದರು. ದಸರೆಯ ನಂತರ ಇಬ್ಬರ ನಡುವೆ ಆದ ಮೊದಲ ಮಾತು ಅದು. ಕಾಕು ತೆಗೆದುಕೊಂಡರು. ಹೋಗುವಾಗ ನನ್ನ ಹತ್ತಿರ ನಿಂತು ಮೆಲ್ಲಗೆ ಹೇಳಿದರು:

"ಬರ್ತೇವಿ ಅಂದೋರ್ನ ನಂಬಿ ಒಲಿ ಹಚ್ಚಬ್ಯಾಡ ಯವ್ವಾ. ಹಾದ್ಯಾಗ ಹೊಂಟೋರ್ನ ನೋಡು."

ಮುಂದಿನ ವರ್ಷದಿಂದ ಎರಡೂ ಮನೆಗೆ ಸೇರಿ ಒಂದೇ ಹಂಡೆ, ಅದೂ ಸಣ್ಣದು. ಉಳಿದರೆ ರಸ್ತೆ ಇತ್ತು, ಕಾಕು ಇದ್ದರು. ಆಮೇಲೆ ಎಷ್ಟೋ ವರ್ಷ ತಗ್ಗು ತೋಡುವ ಮಾತು ನಮ್ಮ ಹೊಲದಲ್ಲಿ ಬರಲಿಲ್ಲ.

ಕಾಕು ಈಗಿಲ್ಲ. ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಅವರ ತಿಥಿಯ ಊಟಕ್ಕೆ ನಾನೂ ಹೋಗಿದ್ದೆ. ಬರುತ್ತೇವೆಂದವರೆಲ್ಲ ಬಂದಿದ್ದರು, ಯಾರೂ ಕರೆಯದವರೂ ಬಂದಿದ್ದರು. ಕಾಕುವಿನ ಮಕ್ಕಳು ಬಡಿಸಿ ಬಡಿಸಿ ಕೊನೆಗೆ ಕೈ ಮುಗಿದು ನಿಂತರು, ಅಡುಗೆ ಸಾಲಲಿಲ್ಲ. ಕಡೆಯ ಪಂಕ್ತಿಯಲ್ಲಿ ಕೂತ ನಮಗೆ ಸಿಕ್ಕಿದ್ದು ತಲಾ ಹಿಡಿಯಷ್ಟು ಅನ್ನ. ಮಕ್ಕಳಿಗೆ ನಾಚಿಕೆ. ನನಗೆ ಮಾತ್ರ ಬೆಳಗಿನಿಂದ ಹೊತ್ತುಕೊಂಡಿದ್ದ ದುಃಖ ಅಲ್ಲಿ ಹಗುರವಾಯಿತು. ಕಾಕು ಇಲ್ಲ ಎಂಬ ಸಂಕಟ ಈಗಲೂ ಇದೆ, ಅದು ಹೋಗುವಂಥದ್ದಲ್ಲ. ಆದರೆ ಅವರ ಹೆಸರಿನ ಊಟದಲ್ಲಿ ಒಂದು ಅಗುಳೂ ಉಳಿಯಲಿಲ್ಲ. ಆ ದಿನ ಅರ್ಧ ಹೊಟ್ಟೆಯಲ್ಲಿ ಎದ್ದು ಬಂದದ್ದು ನೆನಪಾದರೆ ನನಗೆ ಇವತ್ತಿಗೂ ಹೊಟ್ಟೆ ತುಂಬುತ್ತದೆ.