ನನ್ನ ಸೊಟ್ಟ ಬೆನ್ನು

ಐದನೇ ಕ್ಲಾಸಿನಲ್ಲಿದ್ದಾಗ ಅರಸೀಕೆರೆಯ ನಮ್ಮ ಮನೆಯಲ್ಲಿ ನನಗೆ ಸುಳ್ಳುಬುರುಕಿ ಎಂಬ ಬಿರುದಿತ್ತು. ಕತ್ತಲಾದರೆ ಸಾಕು ಬೆನ್ನು ನೋವು, ಒಂದು ಮಾತ್ರೆ ನುಂಗಿದ ಅರ್ಧ ಗಂಟೆಗೆ ಮಾಯ. ಹೋಂವರ್ಕಿನ ಹೊತ್ತಿಗೇ ಬಂದು ಊಟದ ಹೊತ್ತಿಗೆ ಹೋಗುವ ನೋವನ್ನು ಯಾರು ತಾನೇ ನಂಬುತ್ತಾರೆ? ಕೊಬ್ಬರಿ ಮಂಡಿಯಿಂದ ಬಂದ ಅಪ್ಪ, "ಇವಳನ್ನ ನಾಟಕದ ಕಂಪ್ನಿಗೆ ಸೇರಿಸ್ಬೇಕು ಕಣೇ" ಎಂದು ಅಮ್ಮನಿಗೆ ಹೇಳಿ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಹೊಲಿಸಿದ ಯೂನಿಫಾರ್ಮಿನ ಲಂಗ ಎಡಕ್ಕೆ ಇಳಿದು ಬಲಕ್ಕೆ ಏರಿತ್ತು. ಅಮ್ಮ ಎರಡು ಸಲ ಬಿಚ್ಚಿಸಿ ಹೊಲಿಸಿದಳು. ಮೂರನೇ ಸಲ ಟೈಲರ್ ನನ್ನನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಿಲ್ಲಿಸಿ, ಎರಡೂ ಕಡೆ ಟೇಪು ಹಿಡಿದು, "ನನ್ ಹೊಲಿಗೆ ನೆಟ್ಟಗೈತೆ ಕಣಮ್ಮ. ಮಗೀನೇ ಸೊಟ್ಟಗೈತೆ" ಅಂದ.

"ನನ್ ಮಗಳು ಸೊಟ್ಟಾನಾ? ಡಾಕ್ಟ್ರ ಕೈಲೇ ಬರೆಸ್ಕೊಂಡ್ ಬತ್ತೀನಿ, ನೋಡ್ತಿರಿ!" ಅಮ್ಮ ನನ್ನನ್ನು ದರದರ ಎಳೆದುಕೊಂಡು ಹೊರಟಳು. ಮಗಳು ನೆಟ್ಟಗಿದ್ದಾಳೆ ಎಂದು ಸರ್ಟಿಫಿಕೇಟು ಕೇಳಿದ ತಾಯಿಯನ್ನು ನಮ್ಮೂರ ಡಾಕ್ಟರು ಅದೇ ಮೊದಲು ನೋಡಿರಬೇಕು. ಅವರು ನನ್ನನ್ನು ಬಗ್ಗಿಸಿ ನೋಡಿದರು, ಮಾತ್ರೆಯ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು, ನಗಲಿಲ್ಲ. ಹಾಸನದ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಅಲ್ಲಿ ಮೂಳೆ ಡಾಕ್ಟರು ನನ್ನ ಬೆನ್ನಿನ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದರು. ಬೆನ್ನುಮೂಳೆಯಲ್ಲಿ ಅವರೆಕಾಳಿನಷ್ಟು ಗೆಡ್ಡೆ! ಅಮ್ಮ ಅಪ್ಪನ ತೋಳು ಹಿಡಿದುಕೊಂಡಳು.

"ಹೆದರ್ಬೇಡಿ, ಇದು ಕ್ಯಾನ್ಸರ್ ಅಲ್ಲ. ಎಲ್ಲಿಗೂ ಹರಡಲ್ಲ, ತೆಗೆದ್ರೆ ಆಯ್ತು. ಆ ನೋವಿಗೇ ಬೆನ್ನು ಸೊಟ್ಟಗಾಗಿರೋದು. ಕತ್ತಲಾದ್ಮೇಲೆ ನೋಯೋದು, ಮಾತ್ರೆಗೆ ಹೋಗೋದು, ಎಲ್ಲಾ ಇದರದ್ದೇ ಲಕ್ಷಣ. ಮಗು ಹೇಳಿದ್ದೆಲ್ಲ ನಿಜ."

ಅಮ್ಮ ಅಳುತ್ತಿದ್ದಳು, ನಾನು ಕುಣಿಯುತ್ತಿದ್ದೆ. "ನಿಜ ಅಂತೆ! ನಿಜ ಅಂತೆ!" ವಾಪಸು ಬರುವಾಗ ಆ ಫಿಲ್ಮನ್ನು ಬಸ್ಸಿನಲ್ಲಿ ಅಕ್ಕಪಕ್ಕದವರಿಗೆಲ್ಲ ತೋರಿಸಿದೆ, ಕಂಡಕ್ಟರನ್ನೂ ಬಿಡಲಿಲ್ಲ. ಆಪರೇಷನ್ನಿಗೆ ಹೆದರಬೇಕು ಎಂಬುದೇ ನನಗೆ ಹೊಳೆಯಲಿಲ್ಲ, ಅಷ್ಟು ಖುಷಿಯಾಗಿತ್ತು.

ಆಪರೇಷನ್ ಮುಗಿದು, ಹೊಲಿಗೆ ಬಿಚ್ಚಿ ಮನೆಗೆ ಬಂದ ದಿನ ಕತ್ತಲಾಯಿತು. ಹಳೆಯ ನೋವು ಬರಲಿಲ್ಲ. ಅಪ್ಪ ಮಂಡಿಗೆ ಹೋಗದೆ, ಮಾತ್ರೆ ಮತ್ತು ನೀರಿನ ಲೋಟ ಹಿಡಿದು ನನ್ನ ಪಕ್ಕ ಕೂತಿದ್ದರು.

"ನೋವಿಲ್ಲ ಅಪ್ಪ."

"ಇದ್ರೆ ಹೇಳವ್ವ, ನಾನೇನೂ ಅನ್ನಲ್ಲ."

"ನಿಜವಾಗ್ಲೂ ಇಲ್ಲಪ್ಪ!"

ಅವರು ನಂಬಲಿಲ್ಲ. ಎಲ್ಲರ ಊಟ ಮುಗಿಯುವವರೆಗೂ ಆ ಲೋಟವನ್ನು ಕೆಳಗಿಡಲಿಲ್ಲ.