ನವಾಜಣ್ಣನ ಕಾರಿನ ತೂಕ
ಜಗಳೂರಿನ ವೇಬ್ರಿಡ್ಜಿನಲ್ಲಿ ಮೆಕ್ಕೆಜೋಳದ ಲಾರಿಗಳ ನಡುವೆ ಗಿಡ್ಡನೆಯ ರೇಸ್ ಕಾರೊಂದು ಸರದಿಗೆ ನಿಂತಿದ್ದರೆ ಮೆಕ್ಯಾನಿಕ್ ನವಾಜಣ್ಣ ಬಂದಿದ್ದಾರೆಂದೇ ಅರ್ಥ. ಮೊದಲು ಮುಂದಿನ ಗಾಲಿಗಳನ್ನಷ್ಟೇ ಹತ್ತಿಸಿ ತೂಗಿಸುತ್ತಾರೆ, ಆಮೇಲೆ ಹಿಂದಿನವನ್ನು. ಎರಡೂ ಸಮ ಬರುವವರೆಗೆ ಅವರಿಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. “ಮುಂದೆ ಭಾರ ಆದ್ರೆ ತಿರುವಿನಾಗೆ ಮಾತು ಕೇಳಂಗಿಲ್ರಿ” ಎಂದು ಬ್ಯಾಟರಿಯನ್ನು ಹಿಂದಿನ ಡಿಕ್ಕಿಗೆ ಸಾಗಿಸಿದ್ದಾರೆ. ಹಿಂದಿನ ಸೀಟು, ರೇಡಿಯೋ, ಬಾಗಿಲ ಗಾಜು ಎಲ್ಲವನ್ನೂ ಕಿತ್ತಿದ್ದಾರೆ. ತೂಗುವಾಗ ಜೇಬಿನ ಸ್ಪ್ಯಾನರನ್ನೂ ಹೊರಗಿಡುತ್ತಾರೆ. “ಇಷ್ಟೆಲ್ಲ ಕಿತ್ರೂ ತೂಕ ಏರ್ತಾನೆ ಐತಲ್ಲಣ್ಣ” ಎಂದು ವೇಬ್ರಿಡ್ಜಿನ ಮಾಲಾ ಕೇಳಿದರೆ, “ನಿನ್ ಮಿಷನ್ ಸರಿ ಐತೇನಮ್ಮ, ನೋಡು” ಎನ್ನುತ್ತಾರೆ. ರೇಸಿನಲ್ಲಿ ಕಾರು ಓಡಿಸುವವಳು ಮಗಳು ಸಾಯಿಮಾ. ಕಾರು ಮಗುಚಿದರೂ ಪೆಟ್ಟಾಗದಿರಲೆಂದು ಅವಳ ಸೀಟಿನ ಸುತ್ತ ವಾರಕ್ಕೊಂದು ಕಬ್ಬಿಣದ ಪೈಪನ್ನು ನವಾಜಣ್ಣನೇ ವೆಲ್ಡ್ ಮಾಡುತ್ತಿದ್ದಾರೆ.